ಮಾರುವ ಮನೆಯ ಛಾಯಾಚಿತ್ರ

ಮನೆ ಕಟ್ಟುವುದು ಎಷ್ಟು ಕಷ್ಟವೆಂಬುದನ್ನು ನಮ್ಮ ಹಿರಿಯರು ಗಾದೆಯಲ್ಲಿಯೇ ಹೇಳಿಟ್ಟಿದ್ದಾರೆ. ಕಟ್ಟಿದ ಮನೆಯನ್ನು ಮಾರುವ ಕಷ್ಟವನ್ನು ಕುರಿತು ಅವರು ಅಷ್ಟಾಗಿ ಹೇಳಲಿಲ್ಲ. ಪ್ರಾಯಶಃ ಅದರ ಅಗತ್ಯ ಅವರಿಗೆ ಹೆಚ್ಚಾಗಿ ಬೀಳಲಿಲ್ಲ. ಇಂದು ಹಾಗಲ್ಲ. ಮಕ್ಕಳ ವಿದ್ಯಾಭ್ಯಾಸ, ಆಸ್ಪತ್ರೆಯ ಖರ್ಚು, ಅಣ್ಣತಮ್ಮಂದಿರ ಪಾಲು, ಊರಿಂದೂರಿಗೆ ವರ್ಗ, ಹೀಗೆ ಯಾವುದಾದರೊಂದು ಕಾರಣದಿಂದ ಮನೆಯನ್ನು ಮಾರುವುದೋ ಬಾಡಿಗೆಗೆ ಕೊಡುವುದೋ ಸಾಮಾನ್ಯವಾಗಿದೆ. ಹಿಂದೆ ದಲ್ಲಾಳಿಯು ಕೊಳ್ಳುವವರನ್ನು ಬೀದಿ ಬೀದಿ ಸುತ್ತಿಸಿ ಮನೆಗಳನ್ನು ತೋರಿಸುತ್ತಿದ್ದನು. ಈಗ ಕೊಳ್ಳುವವರು ಮನೆಯನ್ನು ಮೊದಲು ಕಾಣುವುದು ತಮ್ಮ ಅಂಗೈಯಲ್ಲಿರುವ ಮೊಬೈಲ್ ಫೋನಿನಲ್ಲಿ. ಹಲವು ಮನೆಗಳ ಚಿತ್ರಗಳನ್ನು ನೋಡಿ, ಅವುಗಳಲ್ಲಿ ಒಂದೆರಡನ್ನು ಮಾತ್ರ ಆರಿಸಿಕೊಂಡು, ಆಮೇಲೆ ಬಾಗಿಲು ತಟ್ಟುತ್ತಾರೆ. ಚಿತ್ರದಲ್ಲಿ ಸೋತ ಮನೆಗೆ ತನ್ನ ಗುಣವನ್ನು ತೋರಿಸುವ ಅವಕಾಶವೇ ದೊರೆಯುವುದಿಲ್ಲ.

ಆದಕಾರಣ, ಛಾಯಾಚಿತ್ರ ತೆಗೆಯುವ ಮುನ್ನ ಮನೆಯನ್ನು ಹೇಗೆ ಅಣಿಗೊಳಿಸಬೇಕೆಂಬುದು ತಿಳಿದಿರತಕ್ಕ ವಿಷಯವಾಗಿದೆ. ಇದು ಶ್ರೀಮಂತರ ಬಂಗಲೆಗಳಿಗೆ ಸಂಬಂಧಿಸಿದ ವಿದ್ಯೆಯೆಂದು ಕೆಲವರು ಭಾವಿಸಬಹುದು. ನಿಜವಾಗಿ ಅದರ ಅಗತ್ಯ ಹೆಚ್ಚಾಗಿರುವುದು ಸಾಧಾರಣ ಮನೆಗೆ. ಬಂಗಲೆಯನ್ನು ಹುಡುಕಿಕೊಂಡು ದಲ್ಲಾಳಿ ತಾನಾಗಿಯೇ ಬರುತ್ತಾನೆ. ಮೂವತ್ತು-ನಲವತ್ತರ ನಿವೇಶನದಲ್ಲಿ, ಎಂದರೆ ೧,೨೦೦ ಚದರಡಿಯಲ್ಲಿ, ಒಬ್ಬ ಗುಮಾಸ್ತರೋ ಉಪಾಧ್ಯಾಯರೋ ಸಾಲ ಮಾಡಿ ಕಟ್ಟಿಕೊಂಡ ಮನೆಯ ಪರವಾಗಿ ಅದರ ಚಿತ್ರವೇ ಮಾತನಾಡಬೇಕು. ಅಂತಹ ಮನೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಈ ವಿಷಯವನ್ನು ವಿವರಿಸಲು ಇಲ್ಲಿ ಪ್ರಯತ್ನಿಸಿದೆ.

ಮನೆಗೂ ಛಾಯಾಚಿತ್ರಕ್ಕೂ ಹಳೆಯ ನಂಟುಂಟು. ‘ಕ್ಯಾಮರಾ’ ಎಂಬ ಲ್ಯಾಟಿನ್ ಮಾತಿಗೆ ಕೋಣೆ ಎಂದೇ ಅರ್ಥ. ಕತ್ತಲ ಕೋಣೆಯ ಗೋಡೆಯಲ್ಲಿ ಒಂದು ಸಣ್ಣ ರಂಧ್ರವಿದ್ದರೆ, ಹೊರಗಿನ ದೃಶ್ಯವು ಎದುರುಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಹಂಪೆಯ ವಿರೂಪಾಕ್ಷ ದೇವಾಲಯಕ್ಕೆ ಹೋದವರು ಅಲ್ಲಿಯ ಗೋಡೆಯ ಮೇಲೆ ರಾಜಗೋಪುರದ ತಲೆಕೆಳಗಾದ ನೆರಳನ್ನು ಕಂಡಿರುತ್ತಾರೆ. ಅದು ಈ ತತ್ತ್ವದ ಫಲವೇ. ಇಂದಿಗೆ ಉಳಿದುಬಂದಿರುವ ಅತಿ ಹಳೆಯ ಛಾಯಾಚಿತ್ರವೂ ಮನೆಯ ಕಿಟಕಿಯೊಂದರಿಂದ ತೆಗೆದದ್ದು. ಫ್ರಾನ್ಸ್ ದೇಶದ ನಿಯೆಪ್ಸ್ ಎಂಬಾತನು ಸುಮಾರು ೧೮೨೬-೨೭ರಲ್ಲಿ ತನ್ನ ಮನೆಯ ಮಹಡಿಯ ಕಿಟಕಿಯಿಂದ ಕಾಣುವ ಮಾಡುಗಳನ್ನೂ ಗೋಡೆಗಳನ್ನೂ ಬಹಳ ಗಂಟೆಗಳ ಕಾಲ ಬೆಳಕಿಗೊಡ್ಡಿ ಅದನ್ನು ಪಡೆದನು. ಅಷ್ಟು ಹೊತ್ತಿನಲ್ಲಿ ಸೂರ್ಯನು ಆಕಾಶವನ್ನು ದಾಟಿದ್ದರಿಂದ, ಆ ಚಿತ್ರದಲ್ಲಿ ಎರಡು ಕಡೆಯ ಗೋಡೆಗಳ ಮೇಲೂ ಬಿಸಿಲು ಬಿದ್ದಂತೆ ಕಾಣುತ್ತದೆ.

ಕಣ್ಣಿಗೂ ಕ್ಯಾಮರಾಕ್ಕೂ ಇರುವ ಭೇದವನ್ನು ತಿಳಿದರೆ ಮುಂದಿನ ಕೆಲಸವೆಲ್ಲ ಸುಲಭವಾಗುತ್ತದೆ. ನಾವು ನಮ್ಮ ಮನೆಯನ್ನು ಕಣ್ಣಿನಿಂದ ಮಾತ್ರ ನೋಡುವುದಿಲ್ಲ, ಅಭ್ಯಾಸದಿಂದಲೂ ನೋಡುತ್ತೇವೆ. ಬಾಗಿಲ ಹಿಂದಿನ ಮೊಳೆಗೆ ನೇತುಬಿದ್ದ ಛತ್ರಿ, ಕಿಟಕಿಯ ಸರಳಿಗೆ ಕಟ್ಟಿದ ದಾರ, ಶೀತಕಪಾಟಿನ ತಲೆಯ ಮೇಲಿನ ಡಬ್ಬಿಗಳು, ಇವು ನಮಗೆ ಕಾಣುವುದೇ ಇಲ್ಲ. ಬಂದ ನೆಂಟರಿಗೆ ಕಂಡರೂ ಮಾತಿನ ನಡುವೆ ಮರೆಯಾಗುತ್ತವೆ. ಕ್ಯಾಮರಾಕ್ಕೆ ಅಭ್ಯಾಸವೂ ಇಲ್ಲ, ದಾಕ್ಷಿಣ್ಯವೂ ಇಲ್ಲ. ಮುಖ್ಯವಾದುದನ್ನೂ ಅಮುಖ್ಯವಾದುದನ್ನೂ ಒಂದೇ ನಿಷ್ಠೆಯಿಂದ ಹಿಡಿದಿಡುತ್ತದೆ. ಆದುದರಿಂದ ಮೊದಲು ಮಾಡತಕ್ಕ ಕೆಲಸವೆಂದರೆ, ಏನೂ ಅಣಿಮಾಡದೆ ಪ್ರತಿಯೊಂದು ಕೋಣೆಯ ಒಂದೊಂದು ಚಿತ್ರವನ್ನು ತೆಗೆದು ಪರರ ಮನೆಯ ಚಿತ್ರವೆಂಬಂತೆ ನೋಡುವುದು. ಏನನ್ನು ತೆಗೆಯಬೇಕೆಂಬುದು ಆಗ ತಾನಾಗಿಯೇ ತಿಳಿಯುತ್ತದೆ.

ತೆಗೆಯುವುದೇ ಈ ಕೆಲಸದ ಅರ್ಧಭಾಗ. ಹತ್ತು-ಹನ್ನೆರಡು ಅಡಿಯ ಕೋಣೆಯಲ್ಲಿ ಮಂಚ, ಬೀರು, ಹೊಲಿಗೆಯಂತ್ರ, ಎರಡು ಪ್ಲಾಸ್ಟಿಕ್ ಕುರ್ಚಿ, ಗೋಡೆಗೊರಗಿಸಿದ ಚಾಪೆ ಇವೆಲ್ಲ ಇದ್ದರೆ ಚಿತ್ರದಲ್ಲಿ ನೆಲವೇ ಕಾಣದು. ನೆಲ ಕಾಣದ ಕೋಣೆ ಎಷ್ಟು ದೊಡ್ಡದಿದ್ದರೂ ಕಿರಿದಾಗಿ ಕಾಣುತ್ತದೆ. ಹೊಸ ಸಾಮಾನು ಕೊಳ್ಳಬೇಕಾಗಿಲ್ಲ. ಇದ್ದುದರಲ್ಲಿ ಅರ್ಧವನ್ನು ಒಂದು ದಿನದ ಮಟ್ಟಿಗೆ ಮಹಡಿಗೋ ಪಕ್ಕದ ಮನೆಗೋ ಸಾಗಿಸಿದರೆ ಸಾಕು. ಆದರೆ ಎಲ್ಲವನ್ನೂ ಬರಿದು ಮಾಡಬಾರದು. ಪೂರ್ಣ ಬರಿದಾದ ಕೋಣೆಯಲ್ಲಿ ಅಳತೆಗೆ ಆಧಾರವೇ ಇರುವುದಿಲ್ಲ. ಒಂದು ಮಂಚವಿದ್ದರೆ, ನೋಡುವವನು ತನ್ನ ಮಂಚ ಹಿಡಿಯುವುದೋ ಇಲ್ಲವೋ ಎಂದು ಲೆಕ್ಕ ಹಾಕಬಲ್ಲನು.

ಎರಡನೆಯದು ಶುಚಿ ಮತ್ತು ಸಣ್ಣಪುಟ್ಟ ರಿಪೇರಿ. ಕಿಟಕಿಯ ಗಾಜು, ಸೊಳ್ಳೆಪರದೆಯ ಧೂಳು, ಸ್ವಿಚ್ಚಿನ ಸುತ್ತ ಕೈತಾಗಿ ಕಪ್ಪಾದ ಗುರುತು, ಮೂಲೆಯ ಜೇಡರ ಬಲೆ, ಇವು ಚಿತ್ರದಲ್ಲಿ ಎದ್ದು ಕಾಣುತ್ತವೆ. ಹಳೆಯ ಮನೆಗಳಲ್ಲಿ ಕೆಂಪು ಆಕ್ಸೈಡಿನ ನೆಲವಿದ್ದರೆ ಅದರ ಮೇಲೆ ಜಮಖಾನೆ ಹಾಸಿ ಮುಚ್ಚುವುದು ತಪ್ಪು. ಒದ್ದೆಬಟ್ಟೆಯಿಂದ ಚೆನ್ನಾಗಿ ಒರೆಸಿ, ಒಣಗಿದ ಮೇಲೆ ಕೊಬ್ಬರಿ ಎಣ್ಣೆಯನ್ನು ಅತಿ ತೆಳುವಾಗಿ ತಿಕ್ಕಿದರೆ ಅಂಥ ನೆಲ ಕಿಟಕಿಯ ಬೆಳಕನ್ನು ಹಿಡಿದು ಕೋಣೆಗೇ ಒಂದು ಕಳೆ ಕೊಡುತ್ತದೆ.

ಇನ್ನು ಒಂದೊಂದೇ ಕೋಣೆಯನ್ನು ನೋಡೋಣ. ಅಡುಗೆಮನೆಯಲ್ಲಿ ಕಟ್ಟೆಯೇ ಮುಖ್ಯ. ಮಿಕ್ಸಿ, ಎಣ್ಣೆಯ ಜಾಡಿ, ಪಾತ್ರೆ ತೊಳೆಯುವ ನಾರು, ಒದ್ದೆ ಬಟ್ಟೆ, ಇವೆಲ್ಲ ಕಟ್ಟೆಯಿಂದ ಇಳಿಯಬೇಕು. ಒಲೆ ಇರಲಿ, ನೀರಿನ ಶುದ್ಧೀಕರಣ ಯಂತ್ರ ಗೋಡೆಯ ಮೇಲೆ ಇರಲಿ. ಬಚ್ಚಲುಮನೆಯಿಂದ ಬಕೆಟ್ಟು, ಚೊಂಬು, ಸೋಪು, ಪೊರಕೆಗಳನ್ನು ಹೊರಗಿಟ್ಟು, ನೆಲವನ್ನು ಒಣಗಿಸಿ, ಶೌಚದ ಮುಚ್ಚಳವನ್ನು ಮುಚ್ಚಬೇಕು. ಮಲಗುವ ಕೋಣೆಯಲ್ಲಿ ಒಂದೇ ಬಣ್ಣದ ಹೊದಿಕೆಯನ್ನು ಸುಕ್ಕಿಲ್ಲದಂತೆ ಹಾಸಬೇಕು. ಕನ್ನಡಿಯಿದ್ದ ಕಡೆ ಚಿತ್ರ ತೆಗೆಯುವವನೇ ಅದರಲ್ಲಿ ಕಾಣಿಸಿಕೊಳ್ಳದಂತೆ ನಿಲ್ಲಬೇಕು. ಫ್ಯಾನನ್ನು ನಿಲ್ಲಿಸಬೇಕು, ತಿರುಗುವ ಫ್ಯಾನು ಚಿತ್ರದಲ್ಲಿ ಮಬ್ಬಾಗಿ ಕಾಣುತ್ತದೆ.

ದೇವರಮನೆಯ ವಿಚಾರ ಸ್ವಲ್ಪ ಬೇರೆ. ಪಾಶ್ಚಾತ್ಯ ದೇಶಗಳ ಕೈಪಿಡಿಗಳು ಮನೆಯವರ ಧರ್ಮ, ನಂಬಿಕೆ, ಅಭಿರುಚಿಗಳನ್ನು ಸೂಚಿಸುವ ವಸ್ತುಗಳನ್ನೆಲ್ಲ ಮರೆಮಾಡಬೇಕೆಂದು ಹೇಳುತ್ತವೆ. ನೋಡುವವನು ಅಲ್ಲಿ ತನ್ನ ಸಂಸಾರವನ್ನು ಊಹಿಸಿಕೊಳ್ಳಬೇಕೆಂಬುದು ಅದರ ತರ್ಕ. ನಮ್ಮಲ್ಲಿ ಅನೇಕರು ಮನೆ ನೋಡುವಾಗ ದೇವರಿಗೆಂದು ಪ್ರತ್ಯೇಕ ಜಾಗವುಂಟೇ ಎಂದು ಮೊದಲೇ ಕೇಳುತ್ತಾರೆ. ಆದುದರಿಂದ ಜಾಗವನ್ನು ತೋರಿಸುವುದು ಸರಿ; ಅಲ್ಲಿರುವುದನ್ನೆಲ್ಲ ತೋರಿಸಬೇಕೋ ಬೇಡವೋ ಎಂಬುದು ಮನೆಯವರ ಮನಸ್ಸಿಗೆ ಬಿಟ್ಟದ್ದು. ಜಾತಿಯನ್ನು ವಿಚಾರಿಸಿ ಬಾಡಿಗೆಗೆ ಕೊಡುವ ರೂಢಿ ನಮ್ಮ ಊರುಗಳಿಂದ ಇನ್ನೂ ತೊಲಗದಿರುವಾಗ, ಗೋಡೆಯ ಮೇಲಿನ ಒಂದು ಪಟವೇ ನೋಡುವವನಿಗೆ ಬೇಡದ ಸೂಚನೆಯನ್ನು ಕೊಡಬಹುದೆಂಬುದನ್ನು ಮರೆಯಬಾರದು.

ಆದರೆ ಕೆಲವು ವಸ್ತುಗಳನ್ನು ನಿಸ್ಸಂದೇಹವಾಗಿ ಮರೆಮಾಡಬೇಕು. ಮಕ್ಕಳ ಭಾವಚಿತ್ರಗಳು, ಶಾಲೆಯ ಹೆಸರುಳ್ಳ ಪ್ರಶಸ್ತಿಪತ್ರಗಳು, ಬ್ಯಾಂಕಿನ ಪತ್ರಗಳು, ಆಧಾರ್ ಕಾರ್ಡು, ಮೊಳೆಗೆ ತೂಗುಹಾಕಿದ ಬೀಗದ ಕೈಗಳು, ಔಷಧದ ಚೀಟಿಗಳು, ಇವು ಅಪರಿಚಿತರ ಕಣ್ಣಿಗೆ ಬೀಳತಕ್ಕವಲ್ಲ. ಫೋನಿನಲ್ಲಿ ಸ್ಥಳವನ್ನು ಗುರುತಿಸುವ ಸೌಕರ್ಯ ಚಾಲನೆಯಲ್ಲಿದ್ದರೆ, ತೆಗೆದ ಚಿತ್ರದೊಳಗೆ ಮನೆಯ ಅಕ್ಷಾಂಶ ರೇಖಾಂಶಗಳೂ ಸೇರಿಕೊಳ್ಳುತ್ತವೆ. ಮೊದಲೇ ಅದನ್ನು ನಿಲ್ಲಿಸುವುದು ಕ್ಷೇಮ.

ಮೂರನೆಯದು ಬೆಳಕು. ಕೋಣೆ ಕತ್ತಲು, ಕಿಟಕಿ ಬೆಳ್ಳಗೆ, ಇದು ಮನೆಯೊಳಗಿನ ಚಿತ್ರಗಳ ಸಾಮಾನ್ಯ ದೋಷ. ಕಣ್ಣು ಎರಡಕ್ಕೂ ಕ್ಷಣಕ್ಷಣಕ್ಕೆ ಹೊಂದಿಕೊಳ್ಳುತ್ತದೆ; ಕ್ಯಾಮರಾ ಅಷ್ಟು ಹೊಂದಿಕೊಳ್ಳಲಾರದು. ಆದುದರಿಂದ ಯಾವ ಕಿಟಕಿಗೆ ನೇರ ಬಿಸಿಲು ಬೀಳುವುದಿಲ್ಲವೋ ಆ ಹೊತ್ತಿನಲ್ಲಿ ಆ ಕೋಣೆಯ ಚಿತ್ರ ತೆಗೆಯಬೇಕು. ಪರದೆಗಳನ್ನು ಪೂರ್ತಿಯಾಗಿ ಸರಿಸಬೇಕು. ದೀಪ ಹಾಕುವುದಾದರೆ ಎಲ್ಲ ದೀಪಗಳೂ ಒಂದೇ ಬಣ್ಣದವಾಗಿರಲಿ. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಹಳದಿ ಬಲ್ಬು ಸುಮಾರು ೨,೭೦೦. ನಮ್ಮ ಅಂಗಡಿಗಳಲ್ಲಿ ಸಿಗುವ ಬಿಳಿಯ ದೀಪ ಹೆಚ್ಚಾಗಿ ೬,೫೦೦. ಎರಡನ್ನೂ ಒಟ್ಟಿಗೆ ಉರಿಸಿದರೆ ಒಂದೇ ಗೋಡೆಯ ಒಂದು ಭಾಗ ಅರಿಶಿನ ಬಳಿದಂತೆಯೂ ಇನ್ನೊಂದು ಭಾಗ ನೀಲಿ ಹಾಕಿದಂತೆಯೂ ಕಾಣುತ್ತದೆ.

ಚಿತ್ರ ತೆಗೆಯುವ ಕ್ರಮವೂ ಕಠಿಣವಲ್ಲ. ಬೆರಳಿನ ಜಿಡ್ಡು ಹತ್ತಿದ ಮಸೂರವನ್ನು ಮೊದಲು ಒರೆಸಬೇಕು. ಫೋನನ್ನು ಅಡ್ಡಲಾಗಿ, ಎದೆಯ ಮಟ್ಟದಲ್ಲಿ, ಸುಮಾರು ನಾಲ್ಕು ಅಡಿ ಎತ್ತರದಲ್ಲಿ ಹಿಡಿಯಬೇಕು. ಮೇಲಕ್ಕೋ ಕೆಳಕ್ಕೋ ಬಾಗಿಸಿದರೆ ಗೋಡೆಗಳು ಓಲಿದಂತೆ ಕಾಣುತ್ತವೆ. ಬಾಗಿಲ ಚೌಕಟ್ಟು ಚಿತ್ರದ ಅಂಚಿಗೆ ಸಮಾನಾಂತರವಾಗಿದೆಯೇ ಎಂದು ನೋಡಿಕೊಂಡರೆ ಈ ದೋಷ ತಪ್ಪುತ್ತದೆ. ಬಾಗಿಲಿನಲ್ಲಿಯೋ ಮೂಲೆಯಲ್ಲಿಯೋ ನಿಂತು ಎದುರಿನ ಮೂಲೆಯ ಕಡೆಗೆ ತೆಗೆದರೆ ಎರಡು ಗೋಡೆಗಳೂ ನೆಲವೂ ಒಟ್ಟಿಗೆ ಕಾಣುತ್ತವೆ.

ಮನೆಯ ಮುಂಭಾಗಕ್ಕೆ ಹೊತ್ತು ನೋಡಬೇಕು. ಪೂರ್ವಾಭಿಮುಖದ ಮನೆಗೆ ಬೆಳಗು, ಪಶ್ಚಿಮಾಭಿಮುಖಕ್ಕೆ ಸಂಜೆ. ಉತ್ತರಾಭಿಮುಖದ ಮನೆಯ ಮೇಲೆ ವರ್ಷದ ಹೆಚ್ಚು ಕಾಲ ನೇರ ಬಿಸಿಲು ಬೀಳದ ಕಾರಣ, ತೆಳುಮೋಡದ ದಿನವೇ ಮೇಲು. ಚಪ್ಪಲಿಗಳು ಒಳಸೇರಲಿ, ಒಣಹಾಕಿದ ಬಟ್ಟೆ ಇಳಿಯಲಿ, ಬಾಗಿಲಲ್ಲಿ ನೀರು ಚಿಮುಕಿಸಿ ಸಣ್ಣ ರಂಗೋಲಿ ಇರಲಿ. ಜೊತೆಗೆ, ಅಂದಕ್ಕೆ ಸೇರದಿದ್ದರೂ ಉಪಯೋಗಕ್ಕೆ ಸೇರಿದ ಚಿತ್ರಗಳೂ ಬೇಕು: ಮುಂದಿನ ರಸ್ತೆ, ನೀರಿನ ಸಂಪು, ಮೇಲಿನ ತೊಟ್ಟಿ, ಸೋಲಾರ್ ಒಲೆ, ಮೆಟ್ಟಿಲು, ವಾಹನ ನಿಲ್ಲಿಸುವ ಜಾಗ. ಪಡಸಾಲೆಯ ಹತ್ತು ಚಿತ್ರಗಳಿಗಿಂತ ಸಂಪಿನ ಒಂದು ಚಿತ್ರ ಬೇಸಿಗೆಯಲ್ಲಿ ಹೆಚ್ಚು ಬೆಲೆಬಾಳುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಇದ್ದುದನ್ನು ಕಾಣಿಸುವ ಬಗೆ. ಇದಕ್ಕೆ ಒಂದು ಎಲ್ಲೆಯುಂಟು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಾರ್ಬ್ ಶ್ವಾರ್ಟ್ಸ್ ಎಂಬ ಮಹಿಳೆ ೧೯೭೨ರ ಸುಮಾರಿಗೆ ಮಾರುವ ಮನೆಯನ್ನು ಸಜ್ಜುಗೊಳಿಸುವ ಕೆಲಸವನ್ನು ರಂಗಸಜ್ಜಿಕೆಗೆ ಹೋಲಿಸಿ ‘ಸ್ಟೇಜಿಂಗ್’ ಎಂಬ ಹೆಸರನ್ನು ರೂಢಿಗೆ ತಂದರೆನ್ನುತ್ತಾರೆ. ಹೋಲಿಕೆ ಚೆನ್ನಾಗಿದೆ, ಆದರೆ ಅಪಾಯವೂ ಅದರಲ್ಲಿಯೇ ಇದೆ. ನಾಟಕ ನೋಡುವವನಿಗೆ ಅದು ನಾಟಕವೆಂದು ಗೊತ್ತು. ಮನೆಯ ಚಿತ್ರ ನೋಡುವವನು ಅದನ್ನು ನಿಜವೆಂದು ನಂಬುತ್ತಾನೆ. ಹಲವು ಫೋನುಗಳಲ್ಲಿರುವ ಅತಿ ಅಗಲದ ಮಸೂರವು ಸುಮಾರು ೧೨೦ ಡಿಗ್ರಿಯಷ್ಟು ದೃಶ್ಯವನ್ನು ಒಳಗೊಂಡು, ಹತ್ತಡಿಯ ಕೋಣೆಯನ್ನು ಕಲ್ಯಾಣಮಂಟಪದಂತೆ ತೋರಿಸಬಲ್ಲದು. ಬರಿದಾದ ಕೋಣೆಯಲ್ಲಿ ಇಲ್ಲದ ಸೋಫಾವನ್ನು ಕಂಪ್ಯೂಟರ್ ಇಡಬಲ್ಲದು. ಕಿಟಕಿಯೆದುರಿನ ವಿದ್ಯುತ್ ಕಂಬವನ್ನು ಅಳಿಸಿ ಅಲ್ಲಿ ಮರ ನೆಡಬಲ್ಲದು. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ೨೦೨೬ರ ಜನವರಿ ೧ರಿಂದ, ಹೀಗೆ ಮಾರ್ಪಡಿಸಿದ ಚಿತ್ರವನ್ನು ಜಾಹೀರಾತಿನಲ್ಲಿ ಬಳಸಿದರೆ ಆ ಸಂಗತಿಯನ್ನು ತಿಳಿಸಬೇಕೆಂಬ ಕಾನೂನು ಜಾರಿಗೆ ಬಂದಿದೆ.

ನಮ್ಮ ದೇಶದ ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. ೧೮೮೨ರ ಸ್ವತ್ತು ವರ್ಗಾವಣೆ ಅಧಿನಿಯಮದ ೫೫ನೆಯ ಪ್ರಕರಣದ ಪ್ರಕಾರ, ಬೇರೆ ಕರಾರು ಇಲ್ಲದಿದ್ದಲ್ಲಿ, ತನಗೆ ತಿಳಿದಿರುವ, ಕೊಳ್ಳುವವನಿಗೆ ತಿಳಿಯದ, ಅವನು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಂಡುಹಿಡಿಯಲಾಗದ ಮಹತ್ವದ ದೋಷವನ್ನು ಮಾರುವವನು ತಿಳಿಸಲೇಬೇಕು. ೧೮೭೨ರ ಕರಾರು ಅಧಿನಿಯಮವು, ಮೋಸಗೊಳಿಸುವ ಉದ್ದೇಶದಿಂದ ಸಂಗತಿಯನ್ನು ಮರೆಮಾಚುವುದನ್ನು ವಂಚನೆಯ ಲಕ್ಷಣಗಳಲ್ಲಿ ಎಣಿಸಿದೆ. ಹೊಸ ವಸತಿ ಸಮುಚ್ಚಯಗಳನ್ನು ಕಟ್ಟಿ ಮಾರುವವರಿಗೆ ೨೦೧೬ರ ರಿಯಲ್ ಎಸ್ಟೇಟ್ ಅಧಿನಿಯಮ ಅನ್ವಯಿಸುತ್ತದೆ; ಸುಳ್ಳು ಜಾಹೀರಾತನ್ನು ನಂಬಿ ಮುಂಗಡ ಕೊಟ್ಟು ನಷ್ಟ ಹೊಂದಿದವನಿಗೆ ಪರಿಹಾರ ಕೊಡಬೇಕೆಂದು ಅದರ ೧೨ನೆಯ ಪ್ರಕರಣ ವಿಧಿಸುತ್ತದೆ. ಹೀಗಿರುವಾಗ, ಮಳೆಗಾಲದಲ್ಲಿ ನೀರು ಜಿನುಗುವ ಗೋಡೆಗೆ ಬೇಸಿಗೆಯಲ್ಲಿ ಬಣ್ಣ ಬಳಿದು ಚಿತ್ರ ತೆಗೆಯುವುದು ಜಾಣತನವಲ್ಲ. ಜಿನುಗನ್ನು ಸರಿಪಡಿಸಿ ಬಣ್ಣ ಬಳಿದರೆ ಅದು ಅಣಿಗೊಳಿಸುವುದು; ಸರಿಪಡಿಸದೆ ಬಳಿದರೆ ಅದು ಮರೆಮಾಚುವುದು. ಎರಡೂ ಚಿತ್ರದಲ್ಲಿ ಒಂದೇ ರೀತಿ ಕಾಣುತ್ತವೆ. ವ್ಯತ್ಯಾಸವನ್ನು ತಿಳಿದವನು ಮನೆಯ ಯಜಮಾನನೊಬ್ಬನೇ.

ಈ ಮೋಸಕ್ಕೆ ಹೆಚ್ಚಾಗಿ ಗುರಿಯಾಗುವವರು ಯಾರೆಂಬುದನ್ನು ಸ್ವಲ್ಪ ಆಲೋಚಿಸಬೇಕು. ಕಾರಿನಲ್ಲಿ ಬಂದು ಹತ್ತು ಮನೆ ನೋಡಿ ಹೋಗಬಲ್ಲವರಿಗೆ ಕೆಟ್ಟ ಚಿತ್ರದಿಂದ ಅರ್ಧ ದಿನ ನಷ್ಟ. ಮೊದಲ ಉದ್ಯೋಗಕ್ಕೆಂದು ಬೆಂಗಳೂರಿಗೆ ಹೊರಟ ಹಳ್ಳಿಯ ಹುಡುಗನೋ ಹುಡುಗಿಯೋ ಚಿತ್ರವನ್ನೇ ನಂಬಿ ಮುಂಗಡ ಕಳುಹಿಸುತ್ತಾರೆ. ಆ ಹಣ ಮನೆಯವರು ಕೂಲಿಯಲ್ಲಿ ಉಳಿಸಿದ್ದೋ ಒಡವೆ ಅಡವಿಟ್ಟು ತಂದದ್ದೋ ಆಗಿರಬಹುದು. ನಮ್ಮ ಕಾಲೇಜಿನಿಂದ ಈ ವರ್ಷ ಹೊರಹೋಗುವವರಲ್ಲಿ ಅನೇಕರು ಇದೇ ದಾರಿಯಲ್ಲಿ ನಡೆಯತಕ್ಕವರು. ಅಂಥವರು ಚಿತ್ರವನ್ನು ನೋಡುವಾಗ ಮೇಲೆ ಹೇಳಿದ್ದನ್ನೇ ತಿರುವಿ ಉಪಯೋಗಿಸಿಕೊಳ್ಳಬಹುದು. ಅಂಚಿನಲ್ಲಿ ಮಂಚವು ಹಿಗ್ಗಿದಂತೆ ಕಂಡರೆ ಮಸೂರ ಅತಿ ಅಗಲದ್ದು. ಬಚ್ಚಲುಮನೆಯ ಚಿತ್ರವೇ ಇಲ್ಲದಿದ್ದರೆ ಏಕಿಲ್ಲವೆಂದು ಕೇಳಬೇಕು. ಒಂದೇ ಗೋಡೆಗೆ ಮಾತ್ರ ಹೊಸ ಬಣ್ಣವಿದ್ದರೆ ಕಾರಣ ವಿಚಾರಿಸಬೇಕು. ತಾನೋ ತನ್ನ ಪರಿಚಿತರೋ ಕಣ್ಣಾರೆ ನೋಡುವ ತನಕ ಹಣ ಕೊಡಕೂಡದು.

ಮಾರುವವರಿಗೂ ಒಂದು ಸುಲಭವಾದ ಉಪಾಯವಿದೆ. ಪ್ರತಿಯೊಂದು ಚಿತ್ರದ ಕೆಳಗೆ ಕೋಣೆಯ ಉದ್ದಗಲಗಳನ್ನು ಟೇಪಿನಿಂದ ಅಳೆದು ಬರೆಯುವುದು. ಇರುವ ಲೋಪವೊಂದಿದ್ದರೆ ಒಂದು ಸಾಲಿನಲ್ಲಿ ತಿಳಿಸುವುದು. ಇದರಿಂದ ವಿಚಾರಿಸುವವರ ಸಂಖ್ಯೆ ಕಡಿಮೆಯಾಗಬಹುದು. ಆದರೆ ಬಂದವರು ಚಿತ್ರದಲ್ಲಿ ಕಂಡ ಮನೆಯನ್ನೇ ಬಾಗಿಲು ತೆರೆದಾಗಲೂ ಕಾಣುತ್ತಾರೆ. ಮಾತು ಅಲ್ಲಿಂದ ವಿಶ್ವಾಸದಿಂದ ಮುಂದುವರಿಯುತ್ತದೆ. ಗುಡಿಸಿ, ಒರೆಸಿ, ಬೇಡದ್ದನ್ನು ತೆಗೆದು, ಬೆಳಕು ಬರುವಂತೆ ಕಿಟಕಿ ತೆರೆಯುವುದಕ್ಕೆ ಒಂದು ದಿನದ ಶ್ರಮ ಸಾಕು, ಹಣ ಬೇಕಾಗಿಲ್ಲ. ಸಾಲ ತೀರಿಸಿ ಕಟ್ಟಿದ ಮನೆಯನ್ನು ಬಿಟ್ಟುಕೊಡುವ ಸಂಸಾರಕ್ಕೆ ನ್ಯಾಯವಾದ ಬೆಲೆಯೂ, ಸಾಲ ಮಾಡಿ ಅದನ್ನು ಕೊಳ್ಳುವ ಸಂಸಾರಕ್ಕೆ ನಿಜವಾದ ತಿಳಿವಳಿಕೆಯೂ ದೊರೆಯುವಂತಾದರೆ, ಆ ಒಂದು ದಿನದ ಶ್ರಮ ಸಾರ್ಥಕವಾದಂತೆಯೇ ಸರಿ.