ಅರ್ಧ ಸೆಕೆಂಡಿನ ಅನುಮಾನ



ಕಳೆದ ತಿಂಗಳು ಒಂಬತ್ತನೇ ಕ್ಲಾಸಿನವರಿಂದ ಸರಳ ಲೋಲಕದ ಪ್ರಯೋಗ ಮಾಡಿಸಿದೆ. ಒಂದು ಮೀಟರ್ ದಾರ, ತುದಿಯಲ್ಲಿ ಗುಂಡು. 20 ಆಂದೋಲನಗಳಿಗೆ ಎಷ್ಟು ಸೆಕೆಂಡು ಬೇಕು ಎಂದು ಸ್ಟಾಪ್‌ವಾಚ್ ಹಿಡಿದು ನೋಡಬೇಕು. ಲೆಕ್ಕದ ಪ್ರಕಾರ ಸುಮಾರು 40 ಸೆಕೆಂಡು ಬರಬೇಕು. ಒಂದು ಗುಂಪಿಗೆ ಮೂರು ಸಲವೂ 41 ಬಂತು. ಅವರು ಎಂತ ಮಾಡಿದರು ಗೊತ್ತುಂಟಾ? 41ನ್ನು ರಬ್ಬರಿನಲ್ಲಿ ಉಜ್ಜಿ 40 ಎಂದು ಬರೆದರು.

"ಎಂತಕ್ಕೆ ಉಜ್ಜಿದ್ದು?" ಎಂದು ಕೇಳಿದೆ.

"40 ಬರ್ಬೇಕಲ್ಲ ಟೀಚರ್. ಒಂದೇ ಸೆಕೆಂಡು ಜಾಸ್ತಿ ಅಲ್ವಾ, ಅದರಿಂದ ಎಂತ ಆಗ್ತದೆ?"

ಬೈಯಲು ನನಗೆ ಬಾಯಿ ಬರಲಿಲ್ಲ. ಬಿ.ಎಸ್ಸಿ. ಓದುವಾಗ ನಾನೂ ಇದೇ ಕೆಲಸ ಮಾಡಿದ್ದೇನೆ, ಒಂದೆರಡು ಸಲ ಅಲ್ಲ. ಅಳತೆಪಟ್ಟಿ ತರಿಸಿ ಎಲ್ಲರೂ ಸೇರಿ ದಾರವನ್ನು ಮತ್ತೊಮ್ಮೆ ಅಳೆದೆವು. ಕಾರ್ಕಿನ ಸೀಳಿನಿಂದ ದಾರ ಮೆಲ್ಲಗೆ ಜಾರಿ ಉದ್ದ 104 ಸೆಂಟಿಮೀಟರ್ ಆಗಿತ್ತು. ಆ ಉದ್ದಕ್ಕೆ 41 ಸೆಕೆಂಡೇ ಬರಬೇಕು! ಹುಡುಗರ ಓದು ಸರಿಯಾಗಿತ್ತು. ದಾರ ಜಾರಿದೆ ಎಂದು ಲೋಲಕ ಹೇಳುತ್ತಿತ್ತು, ಆ ಮಾತನ್ನೇ ಇವರು ಉಜ್ಜಿ ಹಾಕಿದ್ದರು.

ಆ ಪೀರಿಯಡಿನ ಉಳಿದ ಹತ್ತು ನಿಮಿಷದಲ್ಲಿ ಅವರಿಗೆ ಒಂದು ನಿಜವಾದ ಘಟನೆ ಹೇಳಿದೆ. ಒಂದು ಸೆಕೆಂಡನ್ನಲ್ಲ, ಅರ್ಧ ಸೆಕೆಂಡನ್ನು ಉಜ್ಜಿ ಹಾಕದೇ ಇದ್ದ ಮನುಷ್ಯನ ಕಥೆ ಅದು. ನಿಮಗೂ ಹೇಳ್ತೇನೆ.

ಎಲ್ಲಿಂದ ಬಂತು ಈ ಅರ್ಧ ಸೆಕೆಂಡು?

2024ರ ಮಾರ್ಚ್ ತಿಂಗಳು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್. ಮೈಕ್ರೋಸಾಫ್ಟ್ ಕಂಪನಿಯಲ್ಲಿ ಕೆಲಸ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶವನ್ನು ಕಟ್ಟುವವರಲ್ಲಿ ಅವರೂ ಒಬ್ಬರು. ಆ ತಂತ್ರಾಂಶ ಎಷ್ಟು ವೇಗವಾಗಿ ಓಡುತ್ತದೆ ಎಂದು ಲಿನಕ್ಸ್ ಕಂಪ್ಯೂಟರಿನಲ್ಲಿ ಅಳೆಯುತ್ತಿದ್ದರು. ಸೂಕ್ಷ್ಮ ಅಳತೆ ಮಾಡುವಾಗ ಬೇರೆ ಗದ್ದಲ ಇರಬಾರದು. ಫ್ಯಾನ್ ಹಾಕಿಕೊಂಡು ಲೋಲಕದ ಪ್ರಯೋಗ ಮಾಡಿದರೆ ಆಗ್ತದಾ? ಹಾಗೆಯೇ, ಕಂಪ್ಯೂಟರಿನ ಹಿನ್ನೆಲೆಯಲ್ಲಿ ಯಾವ ಯಾವ ಕೆಲಸ ನಡೆಯುತ್ತಿದೆ ಎಂದು ಅವರು ನೋಡಿದರು.

ದೂರದ ಕಂಪ್ಯೂಟರಿನೊಳಗೆ ಹೋಗಲು ಎಸ್‌ಎಸ್‌ಎಚ್ ಎಂಬ ದಾರಿ ಉಂಟು. ಆ ದಾರಿಯ ಬಾಗಿಲಲ್ಲಿ ಕಾವಲಿಗೆ ಒಂದು ತಂತ್ರಾಂಶ ಕೂತಿರುತ್ತದೆ. ಹೆಸರು, ಕೀಲಿ ಸರಿ ಇದ್ದರೆ ಒಳಗೆ ಬಿಡುತ್ತದೆ, ಇಲ್ಲದಿದ್ದರೆ ಓಡಿಸುತ್ತದೆ. ಸುಳ್ಳು ಹೆಸರು ಹೇಳಿದವರನ್ನು ಓಡಿಸಲು ಅದಕ್ಕೆ ಹೆಚ್ಚು ಶ್ರಮ ಬೇಡ. ಆದರೆ ಅವತ್ತು ಆ ಕಾವಲಿನ ತಂತ್ರಾಂಶ ಸುಳ್ಳು ಹೆಸರಿಗೂ ಬೆವರು ಸುರಿಸಿ ದುಡಿಯುತ್ತಿತ್ತು. ಫ್ರಾಯ್ಂಡ್ ಸಮಯ ಅಳೆದರು. ಮೊದಲು ಸುಮಾರು 0.3 ಸೆಕೆಂಡಿನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಸುಮಾರು 0.8 ಸೆಕೆಂಡು.

ವ್ಯತ್ಯಾಸ ಅರ್ಧ ಸೆಕೆಂಡು. 25 ಸೆಂಟಿಮೀಟರ್ ಉದ್ದದ ಲೋಲಕ ಈ ತುದಿಯಿಂದ ಆ ತುದಿಗೆ ಒಮ್ಮೆ ಹೋಗುವಷ್ಟು ಹೊತ್ತು. ಬೇಕಾದರೆ ಕಟ್ಟಿ ನೋಡಿ.

"ಇಂಟರ್‌ನೆಟ್ ಸ್ಲೋ ಇರ್ಬೇಕು" ಎಂದು ನಾನಾದರೆ ಬಿಟ್ಟುಬಿಡುತ್ತಿದ್ದೆ. ಅವರು ಬಿಡಲಿಲ್ಲ. ಕೆಲವು ವಾರಗಳ ಹಿಂದೆ ಬೇರೊಂದು ಪರೀಕ್ಷೆಯಲ್ಲಿ ಕಾಣಿಸಿದ್ದ ಚಿಕ್ಕ ವಿಚಿತ್ರ ದೂರು ಕೂಡ ಅವರಿಗೆ ನೆನಪಾಯಿತು. ಎರಡನ್ನೂ ಜೋಡಿಸಿ, ಆ ಅರ್ಧ ಸೆಕೆಂಡು ಎಲ್ಲಿ ಖರ್ಚಾಗುತ್ತಿದೆ ಎಂದು ಹುಡುಕುತ್ತಾ ಹೋದರು. ಹುಡುಕಾಟ ಮುಟ್ಟಿದ್ದು ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶಕ್ಕೆ.

ಹಾಜರಿ ಪುಸ್ತಕದ ವಿದ್ಯೆ

ಎಕ್ಸ್‌ಝಡ್ ಕೆಲಸ ಫೈಲುಗಳನ್ನು ಕುಗ್ಗಿಸುವುದು. ಹೇಗೆ ಕುಗ್ಗಿಸುತ್ತದೆ? ಪಟ್ಟಿ ಬರೆಯುವಾಗ ಮೇಲಿನ ಸಾಲಿನಲ್ಲಿದ್ದದ್ದೇ ಕೆಳಗೂ ಬಂದರೆ ನಾವು ಪುನಃ ಬರೆಯುವುದಿಲ್ಲ, ಎರಡು ಚಿಕ್ಕ ಗೀಟು ಎಳೆದು ಬಿಡುತ್ತೇವೆ. 'ಮೇಲಿನದ್ದೇ' ಎಂದು ಅರ್ಥ. ಎಕ್ಸ್‌ಝಡ್ ಕೂಡ ಹಾಗೆಯೇ. ಒಮ್ಮೆ ಬಂದ ಅಕ್ಷರಗಳ ಸಾಲು ಮತ್ತೆ ಬಂದರೆ, 'ಇಷ್ಟು ಹಿಂದೆ ಹೋಗಿ ಇಷ್ಟು ಅಕ್ಷರ ನಕಲು ಮಾಡು' ಎಂದು ಚಿಕ್ಕ ಸೂಚನೆ ಬರೆದಿಡುತ್ತದೆ. ಪುನರಾವರ್ತನೆ ಹೆಚ್ಚಿದ್ದಷ್ಟೂ ಫೈಲು ಚಿಕ್ಕದಾಗುತ್ತದೆ.

ನೋಡಲು ಬಡಪಾಯಿ ತಂತ್ರಾಂಶ. ಆದರೆ ಲಿನಕ್ಸ್ ಇರುವ ಬಹುತೇಕ ಎಲ್ಲ ಕಡೆ ಇದೂ ಇರುತ್ತದೆ. ಪ್ರಪಂಚದ ದೊಡ್ಡ ದೊಡ್ಡ ಸರ್ವರ್‌ಗಳು ಹೆಚ್ಚಾಗಿ ಓಡುವುದು ಲಿನಕ್ಸ್‌ನಲ್ಲಿ. ಕಾಸರಗೋಡಿನ ನಮ್ಮ ಶಾಲೆಗಳ ಐಟಿ ಲ್ಯಾಬಿನಲ್ಲಿ ಇರುವುದೂ ಉಬುಂಟು ಆಧಾರದ ಕೈಟ್ ಗ್ನೂ/ಲಿನಕ್ಸ್. ಹಾಗಾಗಿ ಇದು ನಮ್ಮ ಮನೆಗೂ ಸಂಬಂಧವಿಲ್ಲದ ಊರಿನ ಸುದ್ದಿಯಲ್ಲ.

ಎಕ್ಸ್‌ಝಡ್‌ನ 2024ರ ಫೆಬ್ರವರಿಯ 5.6.0 ಮತ್ತು ಮಾರ್ಚ್‌ನ 5.6.1 ಆವೃತ್ತಿಗಳಲ್ಲಿ ಯಾರೋ ಒಂದು ಹಿಂಬಾಗಿಲು ಇಟ್ಟಿದ್ದರು. ಕೆಲವು ಲಿನಕ್ಸ್‌ಗಳಲ್ಲಿ ಬಾಗಿಲು ಕಾಯುವ ತಂತ್ರಾಂಶ ಸುತ್ತುಬಳಸಿನ ದಾರಿಯಲ್ಲಿ ಎಕ್ಸ್‌ಝಡ್‌ನ ಭಾಗವನ್ನೂ ತನ್ನ ಜೊತೆ ಎಳೆದುಕೊಳ್ಳುತ್ತದೆ. ಅಲ್ಲಿ ಈ ಕಳ್ಳಕೋಡು ಕಾವಲುಗಾರನ ಕಿವಿಯಲ್ಲಿ ಕೂತುಬಿಡುತ್ತಿತ್ತು. ಒಂದು ಗುಪ್ತ ಕೀಲಿ ಇದ್ದವರು ಬಂದರೆ, ಯಾವ ಗುರುತೂ ಕೇಳದೆ ಅವರ ಆಜ್ಞೆ ನಡೆಸಿಕೊಡುತ್ತಿತ್ತು. ಆ ಕೀಲಿ ಇದ್ದದ್ದು ಇಟ್ಟವನ ಕೈಯಲ್ಲಿ ಮಾತ್ರ. ಅಪಾಯಕ್ಕೆ ಅಂಕ ಕೊಡುವ ತಜ್ಞರು ಇದಕ್ಕೆ ಕೊಟ್ಟದ್ದು ಹತ್ತಕ್ಕೆ ಹತ್ತು.

ಬಚ್ಚಿಟ್ಟ ಬಗೆ ಕೇಳಿ. ಫೈಲು ಕುಗ್ಗಿಸುವ ತಂತ್ರಾಂಶವನ್ನು ಪರೀಕ್ಷಿಸಲು ಬೇಕೆಂದೇ ಕೆಡಿಸಿದ ಕೆಲವು ಮಾದರಿ ಫೈಲುಗಳನ್ನು ಇಟ್ಟಿರುತ್ತಾರೆ. ಒಳಗೆ ಓದಿದರೆ ಅರ್ಥವಾಗದ ಕಸ. ಯಾರೂ ಬಿಡಿಸಿ ನೋಡುವುದಿಲ್ಲ. ಕಳ್ಳಕೋಡನ್ನು ತುಂಬಿಸಿದ್ದು ಅಂಥ ಫೈಲುಗಳಲ್ಲೇ. ಅದನ್ನು ಎಬ್ಬಿಸುವ ಒಂದು ಸಾಲು, ಎಲ್ಲರೂ ನೋಡುವ ಸಾರ್ವಜನಿಕ ಕೋಡಿನಲ್ಲಿ ಇರಲಿಲ್ಲ, ಹಂಚಲೆಂದು ಕಟ್ಟಿದ ಕಟ್ಟಿನಲ್ಲಿ ಮಾತ್ರ ಇತ್ತು. ಶಾಲೆಯ ನೋಟಿಸು ಬೋರ್ಡಿಗೆ ಹಾಕಿದ ಪ್ರಶ್ನೆಪತ್ರಿಕೆ ಒಂದು, ಪ್ರಿಂಟಾಗಿ ಕೈಗೆ ಬಂದ ಪ್ರತಿಯಲ್ಲಿ ಒಂದು ಸಾಲು ಹೆಚ್ಚು, ಹಾಗೆ.

ಒಳಗೆ ಬಂದದ್ದು ಹೇಗೆ?

ನನಗೆ ಮನಸ್ಸಿಗೆ ತಾಗಿದ ಭಾಗ ಇದು. ಕಳ್ಳ ಗೋಡೆ ಒಡೆದು ಬರಲಿಲ್ಲ. ಸಹಾಯ ಮಾಡಲು ಬಂದ.

ಎಕ್ಸ್‌ಝಡ್ ನೋಡಿಕೊಳ್ಳುತ್ತಿದ್ದವರು ಫಿನ್ಲೆಂಡಿನ ಲಾಸ್ಸೆ ಕೊಲಿನ್. ವರ್ಷಗಟ್ಟಲೆ ಹೆಚ್ಚುಕಡಿಮೆ ಒಬ್ಬರೇ, ಸಂಬಳವಿಲ್ಲದೆ, ಬಿಡುವಿನಲ್ಲಿ ಮಾಡಿದ ಕೆಲಸ. 2021ರ ಕೊನೆಗೆ ಜಿಯಾ ಟಾನ್ ಎಂಬ ಹೆಸರಿನವರು ಚಿಕ್ಕ ಚಿಕ್ಕ ತಿದ್ದುಪಡಿ ಕಳಿಸಲು ಶುರು ಮಾಡಿದರು. ಒಳ್ಳೆಯ ತಿದ್ದುಪಡಿಗಳೇ. 2022ರಲ್ಲಿ ಬೇರೆ ಒಂದೆರಡು ಹೆಸರುಗಳು ಕಾಣಿಸಿಕೊಂಡವು. ಅವುಗಳ ಕೆಲಸ ದೂರುವುದು: ಕೆಲಸ ನಿಧಾನ ಆಗ್ತಾ ಉಂಟು, ನಿಮಗೆ ಆಸಕ್ತಿ ಇಲ್ಲ, ಇನ್ನೊಬ್ಬರಿಗೆ ಬಿಟ್ಟುಕೊಡಿ. ತನ್ನ ಮನಸ್ಸಿನ ಆರೋಗ್ಯ ಸರಿ ಇಲ್ಲ, ಇದು ಹಣಕ್ಕಾಗಿ ಮಾಡುವ ಕೆಲಸವೂ ಅಲ್ಲ ಎಂದು ಕೊಲಿನ್ ತಾಳ್ಮೆಯಿಂದ ಉತ್ತರಿಸಿದರು. ಒತ್ತಾಯ ನಿಲ್ಲಲಿಲ್ಲ. ಕೊನೆಗೆ, ಇಷ್ಟು ದಿನ ಸಹಾಯ ಮಾಡಿದ ಜಿಯಾ ಟಾನ್‌ಗೆ ಜವಾಬ್ದಾರಿಯಲ್ಲಿ ಪಾಲು ಸಿಕ್ಕಿತು. ದೂರಿದ ಹೆಸರುಗಳು ಆಮೇಲೆ ಮಾಯ. ಅವೂ ಅದೇ ಆಟದ ಕಾಯಿಗಳು ಎಂದು ಈಗ ತಜ್ಞರು ಅನುಮಾನಿಸುತ್ತಾರೆ. ಜಿಯಾ ಟಾನ್ ಯಾರು, ಒಬ್ಬರೋ ಒಂದು ಗುಂಪೋ, ಇವತ್ತಿಗೂ ಹೊರಬಿದ್ದಿಲ್ಲ.

ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯವನಾಗಿ ನಟಿಸಿದ ಕೈ ಅದು. ಕೀಲಿ ಒಡೆಯುವುದಕ್ಕಿಂತ ದಣಿದ ಮನುಷ್ಯನನ್ನು ಒಡೆಯುವುದು ಸುಲಭ ಎಂದು ಅದಕ್ಕೆ ಗೊತ್ತಿತ್ತು.

ಇದನ್ನು ಹೇಳುವಾಗ ಕ್ಲಾಸಿನಲ್ಲಿ ಒಬ್ಬಳು ಕೇಳಿದಳು: "ಟೀಚರ್, ಅಷ್ಟು ದೊಡ್ಡ ದೊಡ್ಡ ಕಂಪನಿಗಳು ಅದನ್ನು ಉಪಯೋಗಿಸ್ತಾ ಇದ್ದವಲ್ಲ, ಅವರಿಗೆ ಯಾರೂ ಸಹಾಯ ಮಾಡ್ಲಿಲ್ವಾ?" ನನ್ನ ಬಳಿ ಒಳ್ಳೆಯ ಉತ್ತರ ಇರಲಿಲ್ಲ. ಎಲ್ಲರೂ ನೀರು ಸೇದುವ ಬಾವಿಯ ಹಗ್ಗ ಯಾರು ಬದಲಾಯಿಸ್ತಾರೆ ಎಂದು ನಾವೂ ಕೇಳುವುದಿಲ್ಲ, ಹಗ್ಗ ಹರಿದ ದಿನ ಬೊಬ್ಬೆ ಹಾಕುತ್ತೇವೆ. ನಮ್ಮ ಲ್ಯಾಬಿನಲ್ಲೇ ನೋಡಿ. ಕಂಪ್ಯೂಟರ್ ಕೆಟ್ಟರೆ ಲಿಟಲ್ ಕೈಟ್ಸ್‌ನ ಇಬ್ಬರು ಮಕ್ಕಳು ಊಟದ ಬೆಲ್ಲಿನಲ್ಲಿ ಕೂತು ಸರಿ ಮಾಡುತ್ತಾರೆ. ಸರಿ ಇದ್ದ ದಿನ ಅವರ ಹೆಸರು ಯಾರಿಗೂ ನೆನಪಾಗುವುದಿಲ್ಲ. ಕೆಟ್ಟ ದಿನ ಮಾತ್ರ "ಇವತ್ತೂ ಆಗ್ಲಿಲ್ವಾ?" ಎಂದು ಹತ್ತು ಜನ ಕೇಳುತ್ತಾರೆ. ಹಾಗೆ ಕೇಳಿದವರಲ್ಲಿ ನಾನೂ ಇದ್ದೇನೆ.

ಸ್ವಲ್ಪದರಲ್ಲಿ ತಪ್ಪಿತು

2024ರ ಮಾರ್ಚ್ 29ರಂದು ಫ್ರಾಯ್ಂಡ್ ತಾವು ಕಂಡದ್ದನ್ನೆಲ್ಲ ಬಹಿರಂಗವಾಗಿ ಬರೆದರು. ತಾನು ಭದ್ರತಾ ತಜ್ಞನಲ್ಲ ಎಂದೂ ಅದರಲ್ಲೇ ಹೇಳಿಕೊಂಡರು. ಅಷ್ಟು ಹೊತ್ತಿಗೆ ಹಿಂಬಾಗಿಲು ಡೆಬಿಯನ್, ಫೆಡೋರಾ ಮುಂತಾದ ಲಿನಕ್ಸ್‌ಗಳ ಪ್ರಯೋಗದ ಆವೃತ್ತಿಗಳಿಗೆ ಸೇರಿತ್ತು, ಎಲ್ಲರೂ ದಿನಾ ಉಪಯೋಗಿಸುವ ಸ್ಥಿರ ಆವೃತ್ತಿಗಳಿಗೆ ಇನ್ನೂ ಬಂದಿರಲಿಲ್ಲ. ಏಪ್ರಿಲ್‌ನಲ್ಲಿ ಬರಲಿದ್ದ ಹೊಸ ಉಬುಂಟುವಿಗೆ ಇದನ್ನು ಸೇರಿಸಿ ಎಂಬ ಕೋರಿಕೆ ಜಿಯಾ ಟಾನ್ ಹೆಸರಿನಲ್ಲಿ ಹೋಗಿದ್ದು ಹಿಂದಿನ ದಿನವಷ್ಟೇ! ಸುದ್ದಿ ತಿಳಿದ ಮೇಲೆ ಉಬುಂಟು ತಂಡ ತನ್ನ ಬೀಟಾ ಆವೃತ್ತಿಯನ್ನು ಒಂದು ವಾರ ಮುಂದೆ ಹಾಕಿ, ತಂತ್ರಾಂಶದ ಕಟ್ಟುಗಳನ್ನು ಹೊಸದಾಗಿ ತಯಾರಿಸಿತು.

ಕೆಲವರು ಹೇಳುತ್ತಾರೆ, ಕೋಡನ್ನು ಎಲ್ಲರ ಮುಂದೆ ತೆರೆದಿಟ್ಟದ್ದಕ್ಕೇ ಕಳ್ಳ ನುಗ್ಗಿದ ಎಂದು. ಇನ್ನು ಕೆಲವರು, ತೆರೆದಿಟ್ಟದ್ದಕ್ಕೇ ಹೊರಗಿನ ಎಂಜಿನಿಯರೊಬ್ಬರು ಒಳಗಿಳಿದು ಹುಡುಕಲು ಆಯಿತು ಎನ್ನುತ್ತಾರೆ. ನನಗೆ ಕಾಣುವ ಪ್ರಕಾರ ಎರಡೂ ನಿಜ. ಆದರೆ ತೆರೆದಿಟ್ಟರೆ ಸಾಲದು, ನೋಡುವವರೂ ಬೇಕು. ಎಲ್ಲರೂ ನೋಡಬಹುದು ಎಂಬ ಧೈರ್ಯದಲ್ಲಿ ಯಾರೂ ನೋಡದೇ ಇರುವುದು ಕ್ಲಾಸ್‌ರೂಮಿನಲ್ಲೂ ನಡೆಯುವ ಸಂಗತಿಯೇ.

ನೀವು ಏನು ಮಾಡಬಹುದು?

ನಿಮ್ಮಲ್ಲಿ ಎಲ್ಲರೂ ಪ್ರೋಗ್ರಾಮರ್ ಆಗಬೇಕಿಲ್ಲ. ಈ ಮೂರು ಕೆಲಸ ಎಲ್ಲರಿಗೂ ಸಾಧ್ಯ.

ಒಂದು, ಫೋನಿನಲ್ಲಿ, ಲ್ಯಾಬಿನಲ್ಲಿ ಯಾವುದಾದರೂ ಎಂದಿನಂತೆ ಇಲ್ಲದಿದ್ದರೆ ಬರೆದಿಡಿ. ಬ್ಯಾಟರಿ ಬೇಗ ಮುಗಿಯುತ್ತಿದೆಯೇ? ನೀವು ಹಾಕದ ಆಪ್ ಕಾಣುತ್ತಿದೆಯೇ? ಹೆಚ್ಚಿನ ಸಲ ಸಾಮಾನ್ಯ ಕಾರಣವೇ ಇರುತ್ತದೆ. ಆದರೂ ದಿನಾಂಕ ಹಾಕಿ ಬರೆಯಿರಿ, ದೊಡ್ಡವರಿಗೆ ತೋರಿಸಿ.

ಎರಡು, ವಾಟ್ಸಾಪಿನಲ್ಲಿ ಬಂದ ಎಪಿಕೆ ಫೈಲನ್ನು ಇನ್‌ಸ್ಟಾಲ್ ಮಾಡಬೇಡಿ, ಕಳಿಸಿದ್ದು ಸ್ವಂತ ಮಾವನೇ ಆಗಿರಲಿ. ಅವರ ಫೋನು ಬೇರೆಯವರ ಕೈಗೆ ಸಿಕ್ಕಿರಬಹುದು. ಅಪ್ಪ ಅಮ್ಮನ ಫೋನಿಗೆ ಅಪ್‌ಡೇಟ್ ಬಂದಾಗ ಮುಂದೂಡದೆ ಹಾಕಿಕೊಡಿ. "ಈ ಅಪ್‌ಡೇಟಿನಲ್ಲೇ ಕಳ್ಳ ಬಂದದ್ದಲ್ವಾ ಟೀಚರ್?" ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಇಲ್ಲಿ ಅಪ್‌ಡೇಟಿನ ದಾರಿಯಲ್ಲೇ ಬಂದ, ನಿಜ. ಆದರೆ ಸಿಕ್ಕಿಬಿದ್ದ ಮೇಲೆ ಅವನನ್ನು ಹೊರಗೆ ಹಾಕಿದ್ದೂ ಅಪ್‌ಡೇಟೇ. ಹಳೆಯ ತೂತುಗಳನ್ನು ಮುಚ್ಚಲು ನಮಗೆ ಬೇರೆ ದಾರಿ ಇಲ್ಲ.

ಮೂರು, ಒಂದು ಪ್ರಯೋಗ. 'ಕಾಸರಗೋಡು' ಎಂದೋ 'ಸೊಲ್ಲಾಪುರ', 'ತಾಳವಾಡಿ' ಎಂದೋ ನಿಮ್ಮ ಊರಿನ ಹೆಸರನ್ನು ನಕಲು ಮಾಡುತ್ತಾ ಮಾಡುತ್ತಾ ಸಾವಿರ ಸಲ ತುಂಬಿಸಿದ ಫೈಲು ಒಂದು, ಕ್ಯಾಮೆರಾದಲ್ಲಿ ತೆಗೆದ ಫೋಟೋ ಒಂದು, ಇವೆರಡನ್ನೂ ಕಂಪ್ಯೂಟರಿನಲ್ಲಿ ಕುಗ್ಗಿಸಿ. ಉಬುಂಟುವಿನಲ್ಲಿ ಕುಗ್ಗಿಸುವ ಬಗೆಯನ್ನು ಕೇಳುವಾಗ ಎಕ್ಸ್‌ಝಡ್ ಹೆಸರೇ ಕಾಣುತ್ತದೆ. ಬೇರೆ ವ್ಯವಸ್ಥೆ ಇರುವ ಶಾಲೆಯವರು ಜಿಪ್ ಮಾಡಿದರೂ ಆದೀತು. ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು, ಎರಡರಲ್ಲಿ ಯಾವುದು ಹೆಚ್ಚು ಕುಗ್ಗಿತು, ಯಾಕೆ? ಫೋಟೋ ಮೊದಲೇ ಒಮ್ಮೆ ಕುಗ್ಗಿಸಿದ ಫೈಲು ಎಂಬುದು ನೆನಪಿರಲಿ.

ಬಂದ ಸಂಖ್ಯೆಯನ್ನು ಹಾಗೆಯೇ ಬರೆಯಿರಿ. ಪಕ್ಕದವರದ್ದಕ್ಕೆ ಹೊಂದದಿದ್ದರೆ ಉಜ್ಜಬೇಡಿ, ಅದರ ಕೆಳಗೆ ಒಂದು ಗೆರೆ ಎಳೆದು ಯಾಕೆ ಎಂದು ಕೇಳಿ. ನನ್ನ ಒಂಬತ್ತನೇ ಕ್ಲಾಸಿನ ಆ ಗುಂಪಿನ ದಾಖಲೆ ಪುಸ್ತಕದಲ್ಲಿ ಈಗ 41 ಎಂದೇ ಉಂಟು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ದಾರ ಜಾರಿತ್ತು' ಎಂದು ಬರೆದಿದ್ದಾರೆ. ಆ ಪ್ರಯೋಗಕ್ಕೆ ನಾನು ಪೂರ್ತಿ ಅಂಕ ಕೊಟ್ಟಿದ್ದೇನೆ.