ಇಚ್ಚಿತ್ತವೆಂಬ ಮಾತು

ಬೆಳ್ತಂಗಡಿ ಸೀಮೆಯ ಸಿರಿಜಾತ್ರೆಯಲ್ಲಿ, ಹುಣ್ಣಿಮೆಯ ಬೆಳಕಿನಲ್ಲಿ ಬಿಳಿಯ ಸೀರೆಯುಟ್ಟು, ಕೈಯಲ್ಲಿ ಹಿಂಗಾರ ಹಿಡಿದು ಸಾಲಾಗಿ ನಿಂತ ಸ್ತ್ರೀಯರಲ್ಲೊಬ್ಬಳು ಮೈಯದುರಿ ನಡುಗತೊಡಗಿದಾಗ, ಸಿರಿಯ ಮಗ ಕುಮಾರನನ್ನು ಮೈಮೇಲೆ ತಂದುಕೊಂಡ ಪಾತ್ರಿಯು ಬಳಿಗೆ ಬಂದು ಅವಳಲ್ಲಿ ನುಡಿಯುತ್ತಿರುವವಳು ಯಾರೆಂದು ವಿಚಾರಿಸುವನು; ಆಕೆಯಾದರೋ, ಅತ್ತು, ಹಾಡಿ, ಕಡೆಗೆ ತಾನು ಸಿರಿಯೆಂದೋ ಸೊನ್ನೆಯೆಂದೋ ಗಿಂಡೆಯೆಂದೋ ಹೆಸರು ಹೇಳುವಳು. ಇದೇ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು 1990ರಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರೆದುರು ಹಾಡಿದ, ಈ ಸ್ತ್ರೀಯರ ಕಥೆ ಹೇಳುವ ತುಳು ಹಾಡುಗಥೆಯಾದ ಸಿರಿ ಪಾಡ್ದನವು 15,683 ಸಾಲುಗಳಷ್ಟು ದೀರ್ಘವಾದುದು. ಅಂಥ ಮಹಾಕಥೆಯು ಆ ನಡುಕಕ್ಕೊಂದು ಆದಿಯನ್ನೂ ಅಂತ್ಯವನ್ನೂ ಒದಗಿಸಿದೆ. ಬೆಳಗಾದರೆ ಆಕೆ ಮನೆಗೆ ಮರಳಿ ಒಲೆ ಹೊತ್ತಿಸುವಳು.

ಒಮ್ಮೆ ನನ್ನ ಪಕ್ಕದಲ್ಲಿ ನಿಂತಿದ್ದ ವಿದ್ಯಾವಂತರೊಬ್ಬರು ಇದನ್ನು ಕಂಡು 'ಸ್ಕಿಜೋಫ್ರೇನಿಯಾ' ಎಂದು ಪಿಸುನುಡಿದಾಗ ಮನಸ್ಸಿಗೆ ನೋವಾಯಿತು.

ಆ ಶಬ್ದವು 1908ರಲ್ಲಿ ಜರ್ಮನ್ ಭಾಷೆಯಲ್ಲಿ ಹುಟ್ಟಿದುದು. ಜರ್ಮನ್ ಮನೋವೈದ್ಯ ಎಮಿಲ್ ಕ್ರೇಪೆಲಿನ್ 'ಅಕಾಲದ ಬುದ್ಧಿಕ್ಷಯ' ಎಂಬರ್ಥದ ಹೆಸರಿನಿಂದ ಕರೆದಿದ್ದ ವ್ಯಾಧಿಯು ಎಲ್ಲರಿಗೂ ಎಳವೆಯಲ್ಲೇ ತಗಲುವುದಿಲ್ಲ, ಎಲ್ಲರ ಬುದ್ಧಿಯನ್ನೂ ಕ್ಷಯಿಸುವುದಿಲ್ಲ ಎಂಬುದನ್ನು ಕಂಡ ಜೂರಿಕ್ ನಗರದ ವೈದ್ಯ ಓಯ್ಗೆನ್ ಬ್ಲಾಯ್ಲರ್, ಸೀಳುವಿಕೆ, ಮನಸ್ಸು ಎಂಬರ್ಥದ ಎರಡು ಗ್ರೀಕ್ ಮೂಲಗಳನ್ನು ಕೂಡಿಸಿ 'ಶಿಟ್ಸೊಫ್ರೆನೀ' ಎಂದರು. ಅವರು ಕಂಡ ಸೀಳು ಒಬ್ಬನು ಇಬ್ಬರಾಗುವುದಲ್ಲ. ವಿಚಾರ, ಭಾವ, ಸಂಕಲ್ಪಗಳನ್ನು ಒಂದಾಗಿ ಹೆಣೆದಿರುವ ಎಳೆಗಳು ಸಡಿಲುವುದು. ಕನ್ನಡದಲ್ಲಿ ಬಳಕೆಗೆ ಬಂದ 'ಇಚ್ಚಿತ್ತವಿಕಲತೆ'ಯೆಂಬ ಪದವು ಎರಡು ಚಿತ್ತಗಳ ಅರ್ಥವನ್ನೇ ಮುಂದಿಟ್ಟು, ಸಿನಿಮಾಗಳು ಬೆಳೆಸಿದ ಭ್ರಾಂತಿಗೆ ಇಂಬುಗೊಟ್ಟಿತೆಂದು ನನಗೆ ತೋರುತ್ತದೆ. ಜಪಾನೀಯರು 2002ರಲ್ಲಿ, ಮನಸ್ಸು ಸೀಳಿದ ಬೇನೆಯೆಂಬರ್ಥದ ತಮ್ಮ ಹೆಸರನ್ನೇ ಕೈಬಿಟ್ಟರು.

ಕ್ರೇಪೆಲಿನ್ ಬಳಸಿದ ಹಳೆಯ ಹೆಸರಿನಿಂದ ವಿಶೇಷಣವನ್ನು ರಚಿಸಲಾಗದೆಂಬುದೂ ಬ್ಲಾಯ್ಲರರು ಹೊಸ ಪದವನ್ನರಸಲು ಒಂದು ಕಾರಣವಾಗಿತ್ತು. ಬರವಣಿಗೆಯ ಅನುಕೂಲಕ್ಕಾಗಿ ಬೇಕೆನಿಸಿದ ಆ ವಿಶೇಷಣವು ಕಾಲಾಂತರದಲ್ಲಿ ರೋಗವನ್ನು ಬಿಟ್ಟು ಮನುಷ್ಯನಿಗೇ ಅಂಟಿಕೊಂಡುದು ನನಗೆ ತೀರದ ದುಃಖ. ಯಾರೂ ಇಲ್ಲದ ಕೋಣೆಯಲ್ಲಿ ತನ್ನನ್ನು ಹಳಿಯುವ ದನಿಗಳನ್ನು ತಿಂಗಳುಗಟ್ಟಲೆ ಕೇಳುತ್ತ, ಮನೆಯವರನ್ನೇ ಶಂಕಿಸುತ್ತ ಕುಗ್ಗುವವನ ಬಾಧೆಗೆ ಹುಣ್ಣಿಮೆಯ ಗಡುವಿಲ್ಲ, ಅದನ್ನು ನಡೆಸಿಕೊಡುವ ಪಾಡ್ದನವೂ ಇಲ್ಲ, ಔಷಧವುಂಟು. ಅವನದು ದೈವದ ಉಪದ್ರವವೆಂದು ವರ್ಷಗಟ್ಟಲೆ ಜೋಯಿಸರಲ್ಲಿ ಪ್ರಶ್ನೆಯಿಡಿಸುತ್ತ ಅವನನ್ನು ಅಲೆಸುವುದೂ, ಜಾತ್ರೆಯ ಹೆಂಗಸನ್ನು ರೋಗಿಯೆನ್ನುವುದೂ ಸಮಾನವಾದ ಅನ್ಯಾಯಗಳು.

ಉಜಿರೆಯ ಕಡೆಯ ಒಂದು ಮನೆಯ ಚಾವಡಿಯಲ್ಲಿ ಕುಳಿತು ನಾನು ಆ ಮನೆಯ ಹೆಂಗಸಿನಲ್ಲಿ ಅವಳ ತಮ್ಮನ ವಿಷಯ ಕೇಳಿದಾಗ ಅವಳು, "ಅವನಿಗೆ ಆ ಕಾಯಿಲೆ ಉಂಟು, ಮದ್ದು ತೆಕ್ಕೊಳ್ತಾನೆ, ಅಡಿಕೆ ಸುಲಿಯಲಿಕ್ಕೆ ಮಾತ್ರ ಅವನಷ್ಟು ಬೇಗ ನಮ್ಮಲ್ಲಿ ಯಾರಿಗೂ ಆಗುವುದಿಲ್ಲ" ಎಂದಳು. ಹಿಂದಿನ ಜಗಲಿಯಿಂದ ಸಿಪ್ಪೆ ಬಿರಿಯುವ ಸದ್ದು ಬರುತ್ತಲೇ ಇತ್ತು.