ತಪ್ಪು ಲೆಕ್ಕದ್ದೋ ಭಾಷೆಯದ್ದೋ: ಗಡಿನಾಡ ಶಾಲೆಗಳು ಮತ್ತು ವೈಯಕ್ತಿಕ ಕಲಿಕೆಯ ತಂತ್ರಾಂಶ

ಪ್ರತಿ ವಿದ್ಯಾರ್ಥಿಯ ಮಟ್ಟಕ್ಕೆ ತಕ್ಕಂತೆ ಪಾಠವನ್ನು ಹೊಂದಿಸಿಕೊಳ್ಳುವ ತಂತ್ರಾಂಶಗಳ ಪರವಾಗಿ ಭಾರತದಲ್ಲಿ ಹೆಚ್ಚಾಗಿ ಉಲ್ಲೇಖಗೊಳ್ಳುವ ಸಾಕ್ಷ್ಯ ದೆಹಲಿಯದು. ಕಾರ್ತಿಕ್ ಮುರಳೀಧರನ್, ಅಭಿಜಿತ್ ಸಿಂಗ್ ಮತ್ತು ಅಲೆಹಾಂಡ್ರೊ ಗನಿಮಿಯನ್ ನಡೆಸಿದ ಈ ಅಧ್ಯಯನ 2019ರಲ್ಲಿ ‘ಅಮೆರಿಕನ್ ಎಕನಾಮಿಕ್ ರಿವ್ಯೂ’ ಪತ್ರಿಕೆಯಲ್ಲಿ ಪ್ರಕಟವಾಯಿತು. ‘ಮೈಂಡ್‌ಸ್ಪಾರ್ಕ್’ ಎಂಬ ತಂತ್ರಾಂಶವನ್ನು ಬಳಸುವ ಕೇಂದ್ರಗಳಿಗೆ ಲಾಟರಿಯ ಮೂಲಕ ಪ್ರವೇಶ ಪಡೆದ ಮಕ್ಕಳು ಸುಮಾರು ನಾಲ್ಕೂವರೆ ತಿಂಗಳಲ್ಲಿ, ಪ್ರವೇಶ ದೊರೆಯದವರಿಗಿಂತ ಗಣಿತದಲ್ಲಿ 0.37 ಮತ್ತು ಹಿಂದಿಯಲ್ಲಿ 0.23 ಮಾನಕ ವಿಚಲನೆಯಷ್ಟು ಮುಂದಿದ್ದರು. ಶಾಲಾ ಶಿಕ್ಷಣದ ಪ್ರಯೋಗಗಳಲ್ಲಿ ಇಷ್ಟು ದೊಡ್ಡ ಅಂತರ ಅಪರೂಪ. ಈ ಅವಧಿಯ ಅರ್ಧಭಾಗ ಕಂಪ್ಯೂಟರಿನ ಮುಂದೆಯೂ ಉಳಿದರ್ಧ ಬೋಧಕರೊಬ್ಬರ ಸಣ್ಣ ಗುಂಪಿನಲ್ಲಿಯೂ ಕಳೆಯುತ್ತಿತ್ತೆಂಬುದನ್ನು ತಂತ್ರಾಂಶದ ಮಾರಾಟಗಾರರು ಅಷ್ಟಾಗಿ ಒತ್ತಿ ಹೇಳುವುದಿಲ್ಲ.

ದೆಹಲಿಯ ಆ ಕೇಂದ್ರಗಳಲ್ಲಿ ಕಲಿಕೆಯ ಭಾಷೆ ಹಿಂದಿ. ನಗರದ ಬೀದಿಯ ಭಾಷೆಯೂ ಅದೇ. ಮಕ್ಕಳ ಮಟ್ಟಗಳು ಬೇರೆಬೇರೆಯಾಗಿದ್ದವೇ ಹೊರತು ಪ್ರಶ್ನೆಯ ಭಾಷೆ ಬಹುಪಾಲು ಮಕ್ಕಳಿಗೆ ಪರಕೀಯವಾಗಿರಲಿಲ್ಲ. ಕಾಸರಗೋಡು ಶೈಕ್ಷಣಿಕ ಜಿಲ್ಲೆಯ ಕನ್ನಡ ಮಾಧ್ಯಮ ತರಗತಿಯ ಸ್ಥಿತಿ ಇದಲ್ಲ. ಅಲ್ಲಿ ಪುಸ್ತಕ ಕನ್ನಡದಲ್ಲಿದೆ, ಪಠ್ಯಕ್ರಮ ಕೇರಳದ್ದು, ಆಡಳಿತದ ಭಾಷೆ ಮಲಯಾಳ. ಮಗುವಿನ ಮನೆಮಾತು ಕನ್ನಡ, ತುಳು, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳಗಳಲ್ಲಿ ಯಾವುದೂ ಆಗಿರಬಹುದು. ಜತ್ತ, ಅಕ್ಕಲಕೋಟೆಗಳ ಕನ್ನಡ ಶಾಲೆಗಳಲ್ಲಿ ಮಲಯಾಳದ ಸ್ಥಾನವನ್ನು ಮರಾಠಿ ಪಡೆದಿದೆ.

ಇದು ಏಕೆ ಮುಖ್ಯವೆಂಬುದು ತಂತ್ರಾಂಶ ಕೆಲಸ ಮಾಡುವ ಬಗೆಯನ್ನು ನೋಡಿದರೆ ತಿಳಿಯುತ್ತದೆ. ಇಂಥ ಅನೇಕ ವ್ಯವಸ್ಥೆಗಳ ತಳದಲ್ಲಿರುವುದು ಡೆನ್ಮಾರ್ಕಿನ ಗಣಿತಜ್ಞ ಜಾರ್ಜ್ ರಾಶ್ 1960ರಲ್ಲಿ ಮಂಡಿಸಿದ ಮಾದರಿ, ಅಥವಾ ಅದರ ಹತ್ತಿರದ ಬಂಧುಗಳು. ಪ್ರತಿ ಪ್ರಶ್ನೆಗೂ ಒಂದು ಕಾಠಿಣ್ಯಾಂಕ, ಪ್ರತಿ ವಿದ್ಯಾರ್ಥಿಗೂ ಒಂದು ಸಾಮರ್ಥ್ಯಾಂಕ. ಸರಿಯುತ್ತರದ ಸಂಭವನೀಯತೆ ಇವೆರಡರ ಅಂತರವನ್ನು ಮಾತ್ರ ಅವಲಂಬಿಸುತ್ತದೆ. ಮಗು ತಪ್ಪಿದರೆ ಸಾಮರ್ಥ್ಯಾಂಕ ಇಳಿಯುತ್ತದೆ, ಮುಂದಿನ ಪ್ರಶ್ನೆ ಸುಲಭವಾಗುತ್ತದೆ. ತಪ್ಪಿಗೆ ಕಾರಣ ಭಿನ್ನರಾಶಿಯೋ, ಭಿನ್ನರಾಶಿಯೆಂಬ ಪದವೋ ಎಂಬುದನ್ನು ಈ ಲೆಕ್ಕಾಚಾರ ಕೇಳುವುದಿಲ್ಲ. ಪದ ತಿಳಿಯದ ಮಗುವಿಗೆ ಕೆಳಗಿನ ತರಗತಿಯ ಗಣಿತ ದೊರೆಯುತ್ತದೆ. ಅದಕ್ಕೆ ಬೇಕಾಗಿದ್ದುದು ಪದ.

ಪದಗಳ ತೊಡಕು ಸಣ್ಣದಲ್ಲ. ಕನ್ನಡದ ಗುಣಾಕಾರ, ಭಾಗಾಕಾರಗಳು ಮರಾಠಿಯಲ್ಲಿಯೂ ಹಾಗೆಯೇ ಇವೆ. ಆದರೆ ಭಿನ್ನರಾಶಿ ಅಲ್ಲಿ ‘ಅಪೂರ್ಣಾಂಕ’. ಮಲಯಾಳದಲ್ಲಿ ಅದು ‘ಭಿನ್ನಸಂಖ್ಯೆ’, ಕನ್ನಡಕ್ಕೆ ಹತ್ತಿರ. ಭಾಗಾಕಾರ ಮಾತ್ರ ‘ಹರಣ’. ಎಂದರೆ ಜತ್ತದ ಮಗು ಎಡವುವ ಪದದಲ್ಲಿ ಮಂಜೇಶ್ವರದ ಮಗು ಎಡವಬೇಕಿಲ್ಲ. ಸಂಖ್ಯಾವಾಚಕಗಳು ಇನ್ನೂ ಸ್ವಾರಸ್ಯಕರ. ಕನ್ನಡದ ಇಪ್ಪತ್ತೈದರಲ್ಲಿ ಹತ್ತಿನ ಸ್ಥಾನ ಮೊದಲು. ಮರಾಠಿಯ ‘ಪಂಚವೀಸ’ದಲ್ಲಿ ಬಿಡಿಸ್ಥಾನ ಮೊದಲು, ಕೊಂಕಣಿಯಲ್ಲಿಯೂ ಹಾಗೆಯೇ. ಮಲಯಾಳದಲ್ಲಿ ತೊಂಬತ್ತು ‘ತೊಣ್ಣೂರ್’, ಒಂಬೈನೂರು ‘ತೊಳ್ಳಾಯಿರಂ’: ಕನ್ನಡದ ಕಿವಿಗೆ ಮೊದಲನೆಯದರಲ್ಲಿ ನೂರು, ಎರಡನೆಯದರಲ್ಲಿ ಸಾವಿರ ಕೇಳಿಸುತ್ತದೆ. ಎರಡು ಭಾಷೆಗಳ ನಡುವೆ ಎಣಿಸುವ ಮಗು 52ರ ಜಾಗದಲ್ಲಿ 25 ಬರೆದರೆ ತಂತ್ರಾಂಶ ಅದನ್ನು ಸ್ಥಾನಬೆಲೆಯ ಅಜ್ಞಾನವೆಂದು ದಾಖಲಿಸುತ್ತದೆ. ಅಜ್ಞಾನವೇ ಆಗಿರಬಹುದು, ಅನುವಾದದ ಆಯಾಸವೂ ಆಗಿರಬಹುದು.

ಮಾಪನಶಾಸ್ತ್ರಕ್ಕೆ ಈ ಸಮಸ್ಯೆ ಹೊಸತಲ್ಲ. ಸಮಾನ ಸಾಮರ್ಥ್ಯದ ಎರಡು ಗುಂಪುಗಳಿಗೆ ಒಂದೇ ಪ್ರಶ್ನೆ ಬೇರೆಬೇರೆ ಕಠಿಣತೆಯದಾಗುವುದನ್ನು ಅದು ಗುರುತಿಸಬಲ್ಲದು. ಆದರೆ ಗುರುತಿಸಲು ಪ್ರತಿ ಗುಂಪಿನಿಂದಲೂ ನೂರಾರು ಉತ್ತರಗಳು ಬೇಕು. ಅಲ್ಪಸಂಖ್ಯಾತ ಮಾಧ್ಯಮದ ಮಕ್ಕಳ ಕಷ್ಟ ಇರುವುದು ಇಲ್ಲಿಯೇ: ಅವರು ಅಂಕಿ-ಅಂಶದಲ್ಲಿಯೂ ಅಲ್ಪಸಂಖ್ಯಾತರು. ಬಹುಸಂಖ್ಯಾತ ಭಾಷೆಯಲ್ಲಿ ನಿಗದಿಯಾದ ಕಾಠಿಣ್ಯಾಂಕವನ್ನೇ ಕನ್ನಡ ಅನುವಾದಕ್ಕೆ ಅಂಟಿಸುವುದು ಅಗ್ಗದ ದಾರಿ. ಕರ್ನಾಟಕದ ಪ್ರಶ್ನೆಕೋಶವನ್ನು ತರುವುದು ಆಕರ್ಷಕವಾಗಿ ಕಂಡರೂ ಅದರ ಅಂಕಗಳು ಕರ್ನಾಟಕದ ಮಕ್ಕಳ ಉತ್ತರಗಳಿಂದ ಬಂದವು, ಪಠ್ಯಕ್ರಮವೂ ಬೇರೆ. ಲಿಪಿಯೊಂದೇ ಸಮಾನ.

ಸಾಮಗ್ರಿಯ ಕೊರತೆಯನ್ನಷ್ಟೇ ನೀಗಿಸಿದರೆ ಇದು ಬಗೆಹರಿಯದು. ಕೇರಳದ ‘ಕೈಟ್’ ಸಂಸ್ಥೆ 2020ರ ಜೂನ್ 1ರಂದು ಆರಂಭಿಸಿದ ‘ಫಸ್ಟ್ ಬೆಲ್’ ಪಾಠಗಳು ಮುಂದೆ ಕನ್ನಡದಲ್ಲಿಯೂ ತಯಾರಾದವು; ಮಹಾರಾಷ್ಟ್ರದ ಬಾಲಭಾರತಿ ಕನ್ನಡ ಪಠ್ಯಪುಸ್ತಕಗಳನ್ನು ಮುದ್ರಿಸುತ್ತದೆ. ಇವು ಸಣ್ಣ ಸಾಧನೆಗಳಲ್ಲ. ಆದರೆ ಪುಸ್ತಕ, ವಿಡಿಯೊಗಳು ಎಲ್ಲರಿಗೂ ಒಂದೇ ಪಾಠ ಹೇಳುತ್ತವೆ. ಮಗುವಿನ ಮೇಲೆ ತೀರ್ಪು ಕೊಡುವುದಿಲ್ಲ. ಹೊಂದಾಣಿಕೆಯ ತಂತ್ರಾಂಶ ತೀರ್ಪು ಕೊಡುತ್ತದೆ, ಆ ತೀರ್ಪಿನ ಮೇಲೆ ಮುಂದಿನ ಪಾಠವನ್ನು ನಿರ್ಧರಿಸುತ್ತದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಬೋಧನೆಗೆ ಸೌಕರ್ಯ ಒದಗಿಸಬೇಕೆನ್ನುವ ಸಂವಿಧಾನದ 350ಎ ವಿಧಿ 1956ರದು. ಬೋಧನೆಯ ನಿರ್ಧಾರವನ್ನು ಯಂತ್ರ ಕೈಗೊಳ್ಳುವ ಕಾಲವನ್ನು ಅದು ಊಹಿಸಿರಲಾರದು.

ಪರಿಹಾರಗಳಲ್ಲಿ ಕೆಲವು ತೀರ ಸರಳ. ಪ್ರಶ್ನೆಯನ್ನು ಓದಿ ಹೇಳುವ ಧ್ವನಿ, ಪಾರಿಭಾಷಿಕ ಪದದ ಮೇಲೆ ಬೆರಳಿಟ್ಟರೆ ನೆರೆಭಾಷೆಯ ಪದ, ಅದೇ ಲೆಕ್ಕವನ್ನು ಮಾತಿಲ್ಲದೆ ಅಂಕಿಗಳಲ್ಲಿ ಮತ್ತೊಮ್ಮೆ ಕೇಳುವ ಏರ್ಪಾಡು. ಕೊನೆಯದು ವಿಶೇಷವಾಗಿ ಉಪಯುಕ್ತ: ಮಾತಿನ ಲೆಕ್ಕದಲ್ಲಿ ತಪ್ಪಿ ಅಂಕಿಯ ಲೆಕ್ಕದಲ್ಲಿ ಗೆದ್ದ ಮಗುವಿನ ತೊಡಕು ಬಹುಮಟ್ಟಿಗೆ ಓದಿನದು. ಅನುಭವಿ ಅಧ್ಯಾಪಕರು ಇದನ್ನು ದಿನವೂ ಮಾಡುತ್ತಾರೆ. ಉತ್ತರಿಸದ ಮಗುವಿಗೆ ಅದೇ ಪ್ರಶ್ನೆಯನ್ನು ತುಳುವಿನಲ್ಲಿ ಹೇಳಿ ನೋಡುತ್ತಾರೆ. ಆಗ ಮಗು ಉತ್ತರಿಸಿದರೆ ಅದನ್ನು ನಮೂದಿಸಲು ತಂತ್ರಾಂಶದಲ್ಲಿ ಒಂದು ಕಲಮು ಬೇಕು. ಕೊಳ್ಳುವ ಮುನ್ನ ಟೆಂಡರಿನಲ್ಲಿಯೇ ಅದನ್ನು ಕೇಳಬಹುದು.